ಸ್ಟ್ರಿಪ್ ನಾರ್ಮಲ್ ಇತ್ತು

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಕ್ಯಾಜುವಾಲ್ಟಿಯಲ್ಲಿ ನಾನು ಇಸಿಜಿ ಟೆಕ್ನಿಷಿಯನ್. 9 ವರ್ಷ ಆಯ್ತು. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರುತ್ತೇನೆ. ಕ್ಯಾಜುವಾಲ್ಟಿ, ಐಸಿಯು, ಮೇಲಿನ ಎರಡು ವಾರ್ಡು, ಎಲ್ಲದಕ್ಕೂ ಒಂದೇ ಮಷಿನ್ ತಳ್ಳಿಕೊಂಡು ಓಡಬೇಕು. ಇದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ, ಮುಂದೂಡುತ್ತಾ ಬಂದೆ. ಹೋದ ವಾರ ಒಬ್ಬರು ಸಿಕ್ಕರು. ಆಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಟಾಟಾ ಏಸ್ ಓಡಿಸುವವರೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಎಪಿಎಂಸಿಯಿಂದ ರಾತ್ರಿ ಉಳ್ಳಾಗಡ್ಡಿ ಲೋಡ್ ಒಯ್ಯುವ ಕೆಲಸ. ಮೂರು ವಾರದಲ್ಲಿ ನಾಲ್ಕು ಸಲ ಬಂದರು, ನಾಲ್ಕೂ ಸಲ ರಾತ್ರಿ ಎರಡು ಮೂರು ಗಂಟೆಗೆ. ಎದೆ ಬಡಿತ, ಉಸಿರು ಸಾಲದು, ಎಡಗೈ ಜುಮ್ ಅನ್ನುತ್ತೆ, 'ಇವತ್ತು ಹೋಗೇಬಿಡ್ತೀನಿ ಅನಸ್ತೈತ್ರಿ' ಅನ್ನುವರು. ಪ್ರತಿ ಸಲ ಸೈನಸ್ ಟ್ಯಾಕಿ (ಬಡಿತ ಜೋರು, ಕ್ರಮ ಸರಿ), ಹಾರ್ಟ್ ಅಟ್ಯಾಕ್ ನೋಡುವ ಟ್ರಾಪ್ ರಕ್ತಪರೀಕ್ಷೆ ನೆಗೆಟಿವ್, ಗ್ಯಾಸಿಗೆ ಒಂದು ಪ್ಯಾಂಟಾಪ್ ಇಂಜೆಕ್ಷನ್, ಮನೆಗೆ. ಬೆಳಿಗ್ಗೆ ಹ್ಯಾಂಡೋವರ್ ಕೊಡುವಾಗ ನಾವು 'ಆ ಗ್ಯಾಸ್ ಕೇಸ್ ಮತ್ತ ಬಂದಿತ್ತು' ಅನ್ನುತ್ತಿದ್ದೆವು.

ನಾಲ್ಕನೇ ಸಲ ಬಂದಾಗ ಪಕ್ಕದ ಬೆಡ್ಡಿನಲ್ಲಿ ಆಕ್ಸಿಡೆಂಟ್ ಕೇಸ್ ಇತ್ತು. ನಾನು ಇವರ ಎದೆಗೆ ಇಸಿಜಿಯ ರಬ್ಬರ್ ಬಲ್ಬ್ ಹಾಕುತ್ತಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದು, 'ಅಕ್ಕಾರ, ಇನ್ನೊಮ್ಮೆ ಸರಿಯಾಗಿ ನೋಡ್ರಿ' ಅಂದರು. ಅವರ ಹೆಂಡತಿ ಅಲ್ಲೇ ನಿಂತಿದ್ದರು. ನಾನು ಎಲ್ಲರಿಗೂ ಕೇಳುವ ಹಾಗೆ, 'ನಾಲ್ಕ್ ಸಲ ಆತ್ರಿ. ನಿಮಗ ಏನೂ ಇಲ್ಲ. ಸುಮ್ನ ಹೆದರ್ಕೊಂಡು ಮಂದೀನೂ ಹೆದರಸ್ತೀರಿ. ಮನೀಗ್ ಹೋಗಿ ಮಲ್ಕೋರಿ' ಅಂದೆ. ಅಟೆಂಡರ್ ನಕ್ಕ. ಅವರು ಎದ್ದು ಕೂತರು. ಎದೆ ಮೇಲಿನ ಜೆಲ್ ಒರೆಸಿಕೊಳ್ಳೋಕೆ ನಾನು ಹತ್ತಿ ಕೊಡಬೇಕಿತ್ತು, ಕೊಡಲಿಲ್ಲ. ತಮ್ಮ ಟವೆಲ್ಲಿನಿಂದಲೇ ಒರೆಸಿಕೊಂಡರು. ಅಂಗಿ ಗುಂಡಿ ಒಂದು ಮೇಲೆ ಕೆಳಗೆ ಆಗಿತ್ತು, ಹಾಗೇ ಹೋದರು. ಮತ್ತೆ ಬರಲಿಲ್ಲ. ಅವರು ಬರಲಿಲ್ಲವಲ್ಲ ಅಂತ ನನಗೆ ನೆಮ್ಮದಿಯೇ ಆಗಿತ್ತು.

ಜನವರಿಯಲ್ಲಿ ನನ್ನ ಸರದಿ ಬಂತು. ಇನ್ನೊಬ್ಬ ಟೆಕ್ನಿಷಿಯನ್ ಕೆಲಸ ಬಿಟ್ಟಿದ್ದ, ಆ ಜಾಗಕ್ಕೆ ಯಾರನ್ನೂ ತಗೊಂಡಿರಲಿಲ್ಲ. ಅದು ನನ್ನ ಸತತ ಏಳನೇ ನೈಟ್. ಮಷಿನ್‌ನಲ್ಲಿ ಎದೆಗೆ ಹಾಕುವ ವಿ1ರಿಂದ ವಿ6ರ ತನಕದ ಆರು ಕೇಬಲ್‌ಗಳಲ್ಲಿ ವಿ3 ಹೋಗಿ ತಿಂಗಳಾಗಿತ್ತು. ಮೂರು ಸಲ ಬರೆದುಕೊಟ್ಟಿದ್ದೆ. 'ಪರ್ಚೇಸ್‌ಗೆ ಕಳಿಸಿದೀವಿ' ಅನ್ನೋ ಉತ್ತರ ಬಿಟ್ಟರೆ ಏನೂ ಬರಲಿಲ್ಲ. ಕೇಬಲ್ಲನ್ನು ಒಂದು ಕೋನದಲ್ಲಿ ಬಗ್ಗಿಸಿ ಹಿಡಿದರೆ ಮಾತ್ರ ಟ್ರೇಸ್ ಬರುತ್ತಿತ್ತು.

ಬೆಳಗಿನ ಜಾವ 3.40ಕ್ಕೆ ಒಂದು ಕೇಸ್ ಬಂತು. ಐವತ್ತರ ಆಸುಪಾಸಿನ ಮನುಷ್ಯ, ಮೈಯೆಲ್ಲಾ ಬೆವರು, ಬಲ್ಬ್ ನಿಲ್ಲುತ್ತಲೇ ಇಲ್ಲ, ಜಾರುತ್ತಿದೆ. ಡ್ಯೂಟಿ ಡಾಕ್ಟರ್ 'ಬೇಗ, ಬೇಗ' ಅನ್ನುತ್ತಿದ್ದಾರೆ. ಮೊದಲನೇದರಲ್ಲಿ ಗೆರೆ ಮೇಲೆ ಕೆಳಗೆ ಅಲೆದಾಡಿತು. ಎರಡನೇದರಲ್ಲಿ ವಿ3 ಖಾಲಿ ಗೆರೆ. ಮೂರನೇದು ಬಂತು, ವಿ1ರಿಂದ ವಿ4ರ ತನಕ ಗೆರೆಯ ಎಸ್‌ಟಿ ಭಾಗ ಗುಡ್ಡದ ಹಾಗೆ ಎದ್ದಿತ್ತು, ಹಾರ್ಟ್ ಅಟ್ಯಾಕ್‌ನ ಗುರುತು. ಹೃದಯದ ರಕ್ತನಾಳದ ಬ್ಲಾಕ್ ತೆಗೆಯುವ ಕ್ಯಾಥ್‌ಲ್ಯಾಬ್‌ಗೆ ಫೋನ್ ಹೋಯ್ತು, ಟ್ರಾಲಿ ಹೋಯ್ತು. ಹೆಚ್ಚೆಂದರೆ ನಾಲ್ಕು ನಿಮಿಷ ತಡವಾಗಿರಬಹುದು. ಆ ನಾಲ್ಕು ನಿಮಿಷ ನನ್ನ ಕೈಯಿಂದ ಹೋಯ್ತು ಅಂತ ಅನಿಸುತ್ತಿತ್ತು.

ಎಲ್ಲಾ ಮುಗಿದ ಮೇಲೆ ಸಿಂಕ್ ಹತ್ತಿರ ನಿಂತು ಬಲ್ಬ್ ತೊಳೆಯುತ್ತಿದ್ದೆ. ಆಗ ಶುರುವಾಯ್ತು. ಮೊದಲು ಬೆರಳ ತುದಿ ಜುಮ್ ಅಂದಿತು. ಆಮೇಲೆ ತುಟಿ. ಟ್ಯೂಬ್‌ಲೈಟ್ ದೂರ ಹೋದ ಹಾಗೆ ಆಯ್ತು, ನಲ್ಲಿ ನೀರಿನ ಸದ್ದು ಪಕ್ಕದ ಕೋಣೆಯಿಂದ ಬಂದ ಹಾಗೆ. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು ಅಂದರೆ ಕುತ್ತಿಗೆಯಲ್ಲಿ, ಕಿವಿಯಲ್ಲಿ ಎಲ್ಲಾ ಕಡೆ ಗೊತ್ತಾಗುತ್ತಿತ್ತು. ನನಗೂ ಬಂತು, ಮುಗೀತು, ಇಷ್ಟೇ ಅಂದುಕೊಂಡೆ.

ಮೂಲೆಯ ಬೆಡ್ಡಿಗೆ ಹೋಗಿ ಕರ್ಟನ್ ಎಳೆದುಕೊಂಡೆ. ಕೈಕಾಲಿಗೆ ಕ್ಲ್ಯಾಂಪ್ ಹಾಕಿ, ಬಲ್ಬ್‌ಗಳನ್ನು ನೋಡದೇ ಬರೀ ಕೈಯಳತೆಯಲ್ಲಿ ಇಟ್ಟುಕೊಂಡು, ಒಂದು ಕೈಯಲ್ಲಿ ವಿ3 ಕೇಬಲ್ ಬಗ್ಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಬಟನ್ ಒತ್ತಿದೆ. ಸ್ಟ್ರಿಪ್, ಅಂದರೆ ಇಸಿಜಿ ಗೆರೆ ಮೂಡಿದ ಕಾಗದ, ಬಂತು. ಒಂದು ಬಡಿತದ ತುದಿಯಿಂದ ಇನ್ನೊಂದರ ತುದಿಗೆ 12 ಸಣ್ಣ ಚೌಕ. ರೇಟ್ ನಿಮಿಷಕ್ಕೆ 125. ಜೋರು, ಆದರೆ ಬಡಿತದ ಕ್ರಮ ಸರಿ ಇದೆ. ಎಸ್‌ಟಿ ಎದ್ದಿಲ್ಲ. ಬೇರೆಯವರದಾಗಿದ್ದರೆ ಎರಡು ಅಡಿ ದೂರದಿಂದಲೇ 'ನಾರ್ಮಲ್ ಐತಿ, ಹೋಗ್ರಿ' ಅಂದುಬಿಡುತ್ತಿದ್ದೆ.

ನಾನು ನಂಬಲಿಲ್ಲ. ಇನ್ನೊಂದು ತೆಗೆದೆ. ಕೇಬಲ್ ಅದಲು ಬದಲು ಆಗಿರಬೇಕು ಅಂದುಕೊಂಡು ಮೂರನೇದು ತೆಗೆದೆ. ಮಷಿನ್ನೇ ಸರಿ ಇಲ್ಲ ಅಂದುಕೊಂಡೆ. 9 ವರ್ಷ ಇದೇ ಕೆಲಸ ಮಾಡಿದ ನನಗೆ ನನ್ನ ಕೈಯಲ್ಲಿದ್ದ ಕಾಗದದ ಮೇಲೆ ನಂಬಿಕೆ ಬರಲಿಲ್ಲ. ಡ್ಯೂಟಿ ಡಾಕ್ಟರ್ ಕರ್ಟನ್ ಸರಿಸಿ ನೋಡಿ, ಸ್ಟ್ರಿಪ್ ಓದಿ, 'ಏನೂ ಇಲ್ಲಮ್ಮ, ನೀರು ಕುಡಿ, ಟೆನ್ಶನ್ ತಗೋಬೇಡ' ಅಂದರು. ಒಳ್ಳೆಯ ಮನುಷ್ಯ, ಕಾಳಜಿಯಿಂದಲೇ ಅಂದರು. ಏನೂ ಇಲ್ಲ ಅಂತ ಕೇಳಿ ನನಗೆ ಅಳು ಬಂತು. ಏನೂ ಇಲ್ಲದಿದ್ದರೆ ಇದೇನು?

ಅದಾದ ಮೇಲೆ ನಾನು ಮಾಡಿದ್ದು ದೊಡ್ಡ ತಪ್ಪು. ಡ್ಯೂಟಿಗೆ ಬಂದ ಕೂಡಲೇ ಕರ್ಟನ್ ಹಿಂದೆ ನನ್ನ ಇಸಿಜಿ ತೆಗೆದುಕೊಳ್ಳೋಕೆ ಶುರು ಮಾಡಿದೆ. ನಾರ್ಮಲ್ ಅಂತ ನೋಡಿದರೆ ಎದೆ ಹಗುರಾಗುತ್ತಿತ್ತು. ಆ ಹಗುರ ಮರುದಿನ ಸಂಜೆವರೆಗೂ ಬಾಳುತ್ತಿರಲಿಲ್ಲ. ಸ್ಟ್ರಿಪ್ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ಲಿಫ್ಟ್ ಬಿಟ್ಟೆ. ಚಹಾ ಬಿಟ್ಟೆ. ಚಿಗರಿ ಬಸ್ಸಿನಲ್ಲಿ ಬಾಗಿಲ ಹತ್ತಿರ ಮಾತ್ರ ನಿಲ್ಲುತ್ತಿದ್ದೆ, ಬೇಗ ಇಳಿಯಬಹುದಲ್ಲ ಅಂತ. ಮಾತಾಡುತ್ತಾ ಇದ್ದರೂ ಎರಡು ಬೆರಳು ಕುತ್ತಿಗೆಯ ನಾಡಿ ಮೇಲೆ ಇರುತ್ತಿದ್ದವು. ಅವ್ವ ದೃಷ್ಟಿ ತೆಗೆದಳು.

ಇಷ್ಟಾದರೂ ಇದು ಆತಂಕ ಅಂತ ನನಗೆ ಹೊಳೆಯಲಿಲ್ಲ. ಆತಂಕ ಅಂದರೆ ಯಾವುದೋ ವಿಷಯಕ್ಕೆ ಚಿಂತೆ ಮಾಡುವುದು ಅಂದುಕೊಂಡಿದ್ದೆ. ನಾನು ಯಾವ ಚಿಂತೆಯನ್ನೂ ಮಾಡುತ್ತಿರಲಿಲ್ಲ, ಅಲ್ವಾ? ಸುಮ್ನೆ ಬಲ್ಬ್ ತೊಳೆಯುತ್ತಿದ್ದೆ. ಅದು ಮೈಯಲ್ಲೇ ಮೊದಲು ಬರಬಹುದು, ಕಾರಣ ಕಣ್ಣಿಗೆ ಕಾಣದೇ ಇರಬಹುದು, ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ, ಇಳಿದ ಮೇಲೆ 'ಮತ್ತೆ ಬಂದರೆ' ಅನ್ನುವ ಭಯವೇ ದಿನವನ್ನೆಲ್ಲಾ ತಿನ್ನುತ್ತದೆ. ಇದನ್ನು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಫೈರ್ ಡ್ರಿಲ್ ಟ್ರೇನಿಂಗ್ ವರ್ಷಕ್ಕೆ ಎರಡು ಸಲ ಇರುತ್ತೆ.

ಕಂಡುಹಿಡಿದದ್ದು ನಮ್ಮ ಹಿರಿಯ ಸಿಸ್ಟರ್. ಊಟದ ಡಬ್ಬಿ ತೆಗೆಯುವಾಗ ಬ್ಯಾಗಿನಿಂದ ಸ್ಟ್ರಿಪ್‌ಗಳು ಬಿದ್ದವು. 23 ಇದ್ದವು. ಯಾವುದರ ಮೇಲೂ ಹೆಸರಿಲ್ಲ. 'ಇವು ಯಾರವು?' ಅಂದರು. ನಾನು ಮಾತಾಡಲಿಲ್ಲ. ಅವರು ಬಾಗಿಲು ಹಾಕಿ ಬಂದು ಆತಂಕ ಅಳೆಯುವ ಜಿಎಡಿ-7 ಅನ್ನುವ ಏಳು ಪ್ರಶ್ನೆಯ ಹಾಳೆ ಕೊಟ್ಟರು, ಕಳೆದ ಎರಡು ವಾರದ್ದು ಕೇಳುತ್ತದೆ. ಒಟ್ಟು 21ಕ್ಕೆ ನನ್ನದು 16 ಬಂತು. 15 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ. ಆ ಹಾಳೆ ಕಾಯಿಲೆಯನ್ನು ತೀರ್ಮಾನ ಮಾಡುವುದಿಲ್ಲ, ಡಾಕ್ಟರ್ ಹತ್ತಿರ ಹೋಗಬೇಕೋ ಬೇಡವೋ ಅನ್ನೋದಕ್ಕೆ ಒಂದು ಅಳತೆ ಅಷ್ಟೇ.

ಸರಿ, ಯಾರ ಹತ್ತಿರ ಹೋಗೋದು? ನಮ್ಮ ಕಡೆ ಜಗಳದಲ್ಲಿ 'ಇವನ್ನ ಧಾರವಾಡಕ್ಕ ಕಳಸ್ರಿ' ಅಂತ ಬೈಯುತ್ತಾರೆ. ಆ ಮಾತು ಕೇಳಿಕೊಂಡೇ ಬೆಳೆದವಳು ನಾನು, ಅದಕ್ಕೇ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಅರ್ಧ ಗಂಟೆ ದಾರಿಯಲ್ಲಿದ್ದರೂ ಅತ್ತ ನೋಡಲಿಲ್ಲ. ಮೊದಲು ಒಂದು ಕೌನ್ಸೆಲಿಂಗ್ ಸೆಂಟರ್‌ಗೆ ಹೋದೆ. ಹತ್ತು ಸಿಟಿಂಗ್‌ಗೆ ಮುಂಗಡ ದುಡ್ಡು ಅಂದರು. ಏನು ಓದಿದ್ದೀರಿ ಅಂತ ಕೇಳೋಕೆ ಮುಜುಗರ ಆಯ್ತು, ಕೇಳಲಿಲ್ಲ, ಕೊಟ್ಟೆ. ಪಾಸಿಟಿವ್ ಆಗಿ ಯೋಚಿಸಿ, ಮದುವೆ ಆಗಿ ಅಂದರು. ಎರಡು ಸಲ ಹೋಗಿ ಬಿಟ್ಟೆ. ಆಮೇಲೆ ಒಂದು ಆ್ಯಪ್. ಆ ಕಡೆಯವರು ಒಳ್ಳೆಯವರೇ, ಆದರೆ ಇಂಗ್ಲಿಷ್. 'ಜೀವ ಧಸಕ್ ಅಂತೈತಿ' ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? ಹೇಳೋಕೆ ಬರುವುದನ್ನಷ್ಟೇ ಹೇಳಿದೆ, ಅದು ನನ್ನ ಕಷ್ಟ ಆಗಿರಲಿಲ್ಲ.

ಮೂರನೇ ಸಲ ಸಿಸ್ಟರೇ ಕರೆದುಕೊಂಡು ಹೋದರು, ಒಬ್ಬ ಸೈಕಿಯಾಟ್ರಿಸ್ಟ್ ಹತ್ತಿರ. ಅವರು ಮೊದಲು ಬರೆದದ್ದು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಟೆಸ್ಟ್. ಅವೆರಡು ಕೆಟ್ಟರೂ ಎದೆ ಹೀಗೇ ಬಡಿಯುತ್ತದೆ. ರಿಪೋರ್ಟ್ ಸರಿ ಇತ್ತು. ಎಸ್ಸಿಟಲೋಪ್ರಾಂ ಅನ್ನುವ ಆತಂಕದ ಮಾತ್ರೆ ಕೊಟ್ಟು, ಕೆಲಸ ಮಾಡೋಕೆ ಕೆಲವು ವಾರ ಬೇಕು, ಶುರುವಿನಲ್ಲಿ ಚಡಪಡಿಕೆ ಸ್ವಲ್ಪ ಜಾಸ್ತಿ ಆಗಬಹುದು, ಹೆದರಿ ಬಿಡಬೇಡಿ ಅಂದರು. ಮೊದಲೇ ಹೇಳಿದ್ದರಿಂದಲೇ ನಾನು ಬಿಡಲಿಲ್ಲ. ಅದಕ್ಕೂ ಮುಂಚೆ ನಮ್ಮ ಫಾರ್ಮಸಿ ಹುಡುಗ ಅರ್ಧ ಆಲ್ಪ್ರಜೋಲಾಂ ಕೊಡೋಕೆ ಬಂದಿದ್ದ. ದಯವಿಟ್ಟು ಹಾಗೆ ತಗೋಬೇಡಿ, ಅದು ಚಟ ಹಿಡಿಸುವ ಮಾತ್ರೆ.

ಆ ಸೈಕಿಯಾಟ್ರಿಸ್ಟ್ ನನ್ನನ್ನು ಕಳಿಸಿದ್ದು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ. ಈ ಸಲ ನಾಚಿಕೆ ಬಿಟ್ಟು ಎಲ್ಲಾ ಕೇಳಿದೆ. ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇದೆಯಾ, ಪ್ಯಾನಿಕ್‌ಗೆ, ಅಂದರೆ ಹೀಗೆ ಏಕಾಏಕಿ ಬರುವ ಆತಂಕದ ದಾಳಿಗೆ, ಏನು ಮಾಡುತ್ತೀರಿ, ಸುಮಾರು ಎಷ್ಟು ಸಲ ಬರಬೇಕು, ನನ್ನ ಭಾಷೆಯಲ್ಲಿ ಮಾತಾಡಬಹುದಾ. ಅವರಿಗೆ ಬೇಜಾರಾಗಲಿಲ್ಲ. ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ), ವಾರಕ್ಕೊಮ್ಮೆ, 12ರಿಂದ 16 ಸಲ ಅಂದರು. ಕೇಳಿದ್ದಕ್ಕೆ ಮುಖ ಸಿಂಡರಿಸುವವರಾದರೆ ಅಲ್ಲಿಂದ ಎದ್ದು ಬನ್ನಿ.

ಎರಡನೇ ಭೇಟಿಯಲ್ಲಿ ಅವರು, 'ಒಂದ್ ನಿಮಿಷ ಜೋರಾಗಿ ಉಸಿರಾಡೋಣ್ರಿ, ನಾನೂ ಮಾಡ್ತೀನಿ' ಅಂದರು. ಇಬ್ಬರೂ ಎದುರು ಬದುರು ಕೂತು ಶುರು ಮಾಡಿದೆವು. 40 ಸೆಕೆಂಡಿಗೆ ನನ್ನ ಬೆರಳು ಜುಮ್ ಅಂದಿತು. ತುಟಿ ಜಡವಾಯ್ತು. ಟ್ಯೂಬ್‌ಲೈಟ್ ದೂರ ಹೋಯ್ತು. ಸಿಂಕ್ ಹತ್ತಿರ ಆದದ್ದೇ, ಚೂರೂ ಬದಲಿಲ್ಲ. ಜೋರಾಗಿ ಉಸಿರಾಡಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದರೆ ಹೀಗಾಗುತ್ತದೆ ಅಂತ ಡಿಪ್ಲೊಮಾದಲ್ಲಿ ಓದಿ ಪರೀಕ್ಷೆ ಬರೆದವಳು ನಾನು. ಕೈ ಕುತ್ತಿಗೆಗೆ ಹೋಯ್ತು. 'ನಾಡಿ ಹಿಡೀಬ್ಯಾಡ್ರಿ, ಸುಮ್ನ ಕೂಡ್ರಿ' ಅಂದರು. ಕೂತೆ. ತಾನೇ ಇಳಿಯಿತು. ನಾನು ಏನೂ ಮಾಡದೇ ಇಳಿದದ್ದು ಅದೇ ಮೊದಲು.

ಆಮೇಲೆ ಆ 23 ಸ್ಟ್ರಿಪ್ ಅವರ ಮೇಜಿನ ಮೇಲೆ ಇಟ್ಟೆ. ಪ್ರತಿ ಸ್ಟ್ರಿಪ್ ತೆಗೆದಾಗಲೂ 'ತೆಗೆದಿದ್ದಕ್ಕೇ ಉಳಿದೆ' ಅಂತ ಮೈ ಕಲಿತುಕೊಳ್ಳುತ್ತದೆ ಅಂದರು. ಹೋಮ್‌ವರ್ಕ್ ಒಂದೇ, ನನ್ನ ಇಸಿಜಿ ನಾನು ತೆಗೆಯಬಾರದು. ದಿನವೆಲ್ಲಾ ಮಷಿನ್ ಜೊತೆಗೇ ಇರುವವಳಿಗೆ ಅದು ಎಷ್ಟು ಕಷ್ಟ ಅಂತ ಹೇಳೋಕೆ ಆಗಲ್ಲ. 14 ಸಲ ಹೋದೆ. ಈಗ ಲಿಫ್ಟ್ ಹತ್ತುತ್ತೇನೆ, ಚಹಾ ಕುಡಿಯುತ್ತೇನೆ. ಒಮ್ಮೊಮ್ಮೆ ಬರುತ್ತದೆ, ಹೋಗುತ್ತದೆ.

ಒಂದು ಮಾತು ಸ್ಪಷ್ಟ ಮಾಡಬೇಕು. ಎದೆನೋವು ಬಂದರೆ 'ಆತಂಕ ಇರಬೇಕು' ಅಂತ ಮನೆಯಲ್ಲಿ ಕೂರಬೇಡಿ. ಬನ್ನಿ, ಇಸಿಜಿ ಮಾಡಿಸಿ. ನಾನು ಹೇಳುತ್ತಿರುವುದು ಅದು ನಾರ್ಮಲ್ ಬಂದ ಮೇಲಿನದ್ದು. ಆಗ ನಮ್ಮಂಥವರು 'ಏನೂ ಇಲ್ಲ' ಅಂತ ಕಳಿಸಿದರೆ, 'ಹಾರ್ಟ್ ಚೆನ್ನಾಗಿದೆ ಸರಿ, ಹಾಗಾದರೆ ಇದೇನು, ಯಾರಿಗೆ ತೋರಿಸಲಿ' ಅಂತ ಕೇಳಿ. ದುಡ್ಡಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್, 2022ರಿಂದ ಇದೆ, 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇರುತ್ತದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಸೈಕಿಯಾಟ್ರಿಸ್ಟ್ ಬರುತ್ತಾರೆ, ಹೋಗುವ ಮುಂಚೆ ಕೇಳಿಕೊಳ್ಳಿ.

ಹೋದ ವಾರ ಸಿಕ್ಕವರು ಆ ಟಾಟಾ ಏಸ್ ಅಣ್ಣನ ಹೆಂಡತಿ. ಅತ್ತೆಯ ಕಣ್ಣಿನ ಆಪರೇಷನ್‌ಗೆ ಮುಂಚಿನ ಇಸಿಜಿ ಮಾಡಿಸೋಕೆ ಬಂದಿದ್ದರು. ನನ್ನ ಗುರುತು ಹಿಡಿದರು. ಯಜಮಾನರು ಹೇಗಿದ್ದಾರೆ ಅಂದೆ. 'ಗಾಡಿ ಮಾರಿದ್ವಿರಿ' ಅಂದರು. ಬೆಳಗಾವಿ, ಮಿರಜ್ ಎಲ್ಲಾ ಸುತ್ತಿದ್ದರು. ಎಕೋ, ಟಿಎಂಟಿ, ಕೊನೆಗೆ ಆಂಜಿಯೋಗ್ರಾಂ. ಎಲ್ಲಾ ಕಡೆ ಏನೂ ಇಲ್ಲ ಅಂದರು. ಅವರೀಗ ಮನೆಯಿಂದ ಒಬ್ಬರೇ ಹೊರಗೆ ಹೋಗುವುದಿಲ್ಲ. 'ಏನೂ ಇಲ್ಲಂದ್ರ ಮತ್ ಯಾಕ್ ಹಿಂಗ್ ಆಗ್ತೈತ್ರಿ ಅಕ್ಕಾರ?' ಅಂತ ಕೇಳಿದರು.

ಮಷಿನ್ ಆಫ್ ಮಾಡಿ ಕೂತು ನನ್ನದೆಲ್ಲಾ ಹೇಳಿದೆ. ಆವತ್ತು ನಾನು ಅಂದ ಮಾತಿಗೆ ತಪ್ಪಾಯ್ತು ಅಂದೆ. ಇಸಿಜಿ ಕವರ್ ಮೇಲೆ ನಂಬರ್ ಬರೆದುಕೊಟ್ಟೆ.

ನಿನ್ನೆ ಆ ಅಣ್ಣನೇ ಫೋನ್ ಮಾಡಿದ್ದರು. ಮಂಗಳವಾರ ಹೋಗುತ್ತಾರಂತೆ, ಆದರೆ ಬಸ್ಸಿನಲ್ಲಿ ಕೂರೋಕೆ ಧೈರ್ಯ ಸಾಲದು, ನೀವೂ ಬರ್ತೀರೇನ್ರಿ ಅಂದರು. ಆಫ್ ಬರೆದುಕೊಟ್ಟಿದ್ದೇನೆ. ರೋಸ್ಟರ್ ಇನ್ನೂ ಹಾಕಿಲ್ಲ. ಆಫ್ ಕೊಡದಿದ್ದರೆ ನೈಟ್ ಮುಗಿಸಿ ಹಾಗೇ ಬಸ್ ಸ್ಟಾಪಿಗೆ ಹೋಗುತ್ತೇನೆ.