ಯಿಡ್ಡಿಷ್ ಬಾರದ ಬಾಯಿಗೆ ಯಿಡ್ಡಿಷ್ ನಾಟಕ

ನ್ಯೂಯಾರ್ಕಿನ ಫೋಕ್ಸ್‌ಬೀನೆ ಎಂಬ ಯಿಡ್ಡಿಷ್ (ಪೂರ್ವ ಯುರೋಪಿನ ಯಹೂದಿಗಳ ಭಾಷೆ) ನಾಟಕ ತಂಡ ಶುರುವಾದದ್ದು 1915ರಲ್ಲಿ. 2018ರಲ್ಲಿ ಜೋಯೆಲ್ ಗ್ರೇ ನಿರ್ದೇಶನದಲ್ಲಿ 'ಫಿಡ್ಲರ್ ಆನ್ ದ ರೂಫ್' ಎಂಬ ಇಂಗ್ಲಿಷ್ ಸಂಗೀತನಾಟಕವನ್ನು ಯಿಡ್ಡಿಷ್‌ನಲ್ಲಿ ಆಡಿದಾಗ ಬಹಳಷ್ಟು ನಟರಿಗೆ ಆ ಭಾಷೆಯೇ ಬರುತ್ತಿರಲಿಲ್ಲ. ಲಿಪಿ ಹೀಬ್ರೂ, ಓದುವುದು ಬಲದಿಂದ ಎಡಕ್ಕೆ. ಇಂಥವರಿಗೆ ಮಾತನ್ನು ರೋಮನ್ ಅಕ್ಷರಕ್ಕಿಳಿಸಿ, ಕೆಳಗೆ ಪದಪದಕ್ಕೂ ಅರ್ಥ ಬರೆದುಕೊಟ್ಟು ಬಾಯಿಪಾಠ ಮಾಡಿಸಬೇಕು. ಎಡವುವುದು 'ಇಖ್' (ಎಂದರೆ 'ನಾನು') ಥರದ ಪದಗಳಲ್ಲಿ. ಇದು ನಮ್ಮ ಮಹಾಪ್ರಾಣ 'ಖ' ಅಲ್ಲ, ಗಂಟಲು ಉಜ್ಜಿಕೊಂಡು ಬರುವ ಸದ್ದು. 'ಇಕ್' ಅಂದರೆ ಕೆಟ್ಟಿತು.

ಪ್ರೇಕ್ಷಕರಿಗೆ ಇಂಗ್ಲಿಷ್, ರಷ್ಯನ್ ಮೇಲ್ಬರಹ (ಮಾತಿನ ಜೊತೆಗೇ ತೆರೆಯ ಮೇಲೆ ಮೂಡುವ ಅನುವಾದ) ಇತ್ತು. ನಿಜವಾದ ಫಜೀತಿ ಇರುವುದು ಇಲ್ಲೇ. ನಗೆಮಾತಿನ ಸಾಲು ಅರೆಕ್ಷಣ ಮುಂಚೆ ಮೂಡಿದರೂ ಜನ ಓದಿ ನಕ್ಕುಬಿಡುತ್ತಾರೆ, ನಟನ ಮಾತು ಆ ಗದ್ದಲದಲ್ಲಿ ಮುಳುಗುತ್ತದೆ. ಅದಕ್ಕೇ ಕೊನೆಯ ತುಂಡನ್ನು ಬೇರೆ ಸ್ಲೈಡ್ ಮಾಡಿ, ನಟ ಬಾಯಿ ತೆರೆದ ಮೇಲೇ ಬಟನ್ ಒತ್ತಬೇಕು. ಟೈಮರ್ ಹಾಕಿ ಬಿಟ್ಟರೆ ಆಗದು. ನಗು ದಿನಾ ಒಂದೇ ಉದ್ದ ಇರುವುದಿಲ್ಲ.