ತಂಡವನ್ನು ಲೂಪ್ ಆಗಿಸುವ ಕೆಲಸ: ಕ್ಯಾಂಪಸ್ ಹಿಪ್‌ಹಾಪ್ ತಂಡದ ಅಭ್ಯಾಸದ ದಿನಚರಿ

ಮೊದಲ ವಾರ

ನಮ್ಮ ಕಾಲೇಜಿನ ಸಂಗೀತ ಕೂಟದಲ್ಲಿ ಇಲ್ಲಿಯವರೆಗೆ ರ‍್ಯಾಪ್ ಎಂದರೆ ಲ್ಯಾಪ್‌ಟಾಪಿನಿಂದ ಹಿಮ್ಮೇಳ ಬರುವುದು, ಅದರ ಮುಂದೆ ಒಬ್ಬರು ಮೈಕ್ ಹಿಡಿದು ನಿಲ್ಲುವುದು, ಅಷ್ಟೇ ಆಗಿತ್ತು. ಈ ಸೆಮಿಸ್ಟರಿನಲ್ಲಿ ಆ ಲ್ಯಾಪ್‌ಟಾಪನ್ನು ಬದಿಗಿಟ್ಟು, ಡ್ರಮ್ಸ್, ಬೇಸ್, ಕೀಬೋರ್ಡ್ ಮತ್ತು ಒಂದು ಸ್ಯಾಂಪ್ಲರ್ (ಮುದ್ರಿಸಿದ ಶಬ್ದದ ತುಣುಕುಗಳನ್ನು ನುಡಿಸುವ ಯಂತ್ರ) ಇರುವ ನಾಲ್ವರ ತಂಡದ ಜೊತೆಗೆ ಇಬ್ಬರು ರ‍್ಯಾಪರ್‌ಗಳು ಇಪ್ಪತ್ತೈದು ನಿಮಿಷ ಕನ್ನಡದಲ್ಲಿ ಹೇಳುವ ಕಾರ್ಯಕ್ರಮವೊಂದನ್ನು ಕಟ್ಟಲು ನಿರ್ಧರಿಸಿದ್ದೇವೆ. ಕಾರ್ಯಕ್ರಮಕ್ಕೆ ಸಭಾಂಗಣ ನಮಗೆ ಸಿಗುವುದು ಹತ್ತನೆಯ ವಾರದ ಕೊನೆಗೆ. ಬೇಸ್ ನುಡಿಸುವುದು ನಾನು. ಈ ದಿನಚರಿಯನ್ನು ಬರೆದಿಡುವ ಹೊಣೆಯೂ ನನ್ನದೇ.

ಮೊದಲ ಅಭ್ಯಾಸ ಕೆಟ್ಟದಾಗಿತ್ತು. ನಾಲ್ವರೂ ಚೆನ್ನಾಗಿ ನುಡಿಸಬಲ್ಲವರಾದ್ದರಿಂದಲೇ ಅದು ಕೆಟ್ಟಿತು ಎಂದು ಈಗ ಅನ್ನಿಸುತ್ತದೆ. ಡ್ರಮ್ಮರ್ ನಾಲ್ಕು ಬಾರ್‌ಗಳಿಗೊಮ್ಮೆ (ಬಾರ್ ಎಂದರೆ ತಾಳದ ಒಂದು ಆವರ್ತ) ಒಂದು ಫಿಲ್, ಅಂದರೆ ಅಲಂಕಾರದ ಪೆಟ್ಟುಗಳ ಸರಣಿ, ಹಾಕುತ್ತಿದ್ದ, ಕೀಬೋರ್ಡ್ ನುಡಿಸುವವಳು ಪ್ರತಿ ಸುತ್ತಿನಲ್ಲೂ ಸ್ವರಮೇಳವನ್ನು ಸ್ವಲ್ಪ ಸಿಂಗರಿಸುತ್ತಿದ್ದಳು, ನಾನು ಬಿಡುವು ಕಂಡಲ್ಲೆಲ್ಲ ಸ್ವರಗಳ ಒಂದು ಓಟ ತುಂಬುತ್ತಿದ್ದೆ. ಒಂಬತ್ತನೆಯ ಸಾಲಿಗೆ ಬರುವಷ್ಟರಲ್ಲಿ ರ‍್ಯಾಪರ್ ನಿಂತುಬಿಟ್ಟು, ತನಗೆ ಕಾಲೂರಲು ಜಾಗವೇ ಇಲ್ಲ ಎಂದಳು. ಧ್ವನಿಮುದ್ರಣವನ್ನು ಕೇಳಿದಾಗ ಅವಳ ದೂರು ಸರಿಯಾಗಿಯೇ ಇತ್ತು.

ಎರಡನೆಯ ವಾರ

ನಮ್ಮ ರ‍್ಯಾಪರ್‌ಗೆ ಕಾಲೂರಲು ಬೇಕಿದ್ದದ್ದು ಲೂಪ್, ಅಂದರೆ ಬದಲಾಗದೆ ಮತ್ತೆ ಮತ್ತೆ ಸುತ್ತುವ ತುಣುಕು. ಅದು ಎಲ್ಲಿಂದ ಬಂತು ಎಂದು ತಂಡದ ಎಲ್ಲರೂ ಒಮ್ಮೆ ಯೋಚಿಸಬೇಕಾಯಿತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದ ಕೋಣೆಯೊಂದರಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಏರ್ಪಡಿಸಿದ್ದ ಕೂಟದಲ್ಲಿ ಅವಳ ಅಣ್ಣ, ಡಿಜೆ ಕೂಲ್ ಹರ್ಕ್, ರೆಕಾರ್ಡ್‌ಗಳನ್ನು ನುಡಿಸಿದ. ಹಾಡಿನಲ್ಲಿ ಉಳಿದವರೆಲ್ಲ ಸುಮ್ಮನಾಗಿ ತಾಳವಾದ್ಯವಷ್ಟೇ ಉಳಿಯುವ ತುಣುಕಿಗೆ ಜನ ಹೆಚ್ಚು ಕುಣಿಯುತ್ತಾರೆ ಎಂಬುದನ್ನು ಗಮನಿಸಿದ ಆತ, ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸುವ ವಿಧಾನವನ್ನು ರೂಢಿಸಿದ. ಆ ತುಣುಕಿಗೆ ಬ್ರೇಕ್ ಎಂದು ಹೆಸರು. ಅಂದರೆ ಹಿಪ್‌ಹಾಪ್ ಹಿಡಿದುಕೊಂಡದ್ದು ತಂಡವೊಂದು ಬಾಯಿ ಮುಚ್ಚಿದ ಕ್ಷಣವನ್ನು. ನಾವು ನಾಲ್ವರು ಮೊದಲ ವಾರ ಮಾಡಿದ್ದು ಸರಿಯಾಗಿ ಅದರ ತಿರುವುಮುರುವು.

ಆದರೆ ಜೀವಂತ ವಾದ್ಯಗಳು ಇದಕ್ಕೆ ಹೊರಗಿನವು ಎಂದು ತಿಳಿಯುವುದೂ ತಪ್ಪು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ಎಂಬ ರ‍್ಯಾಪ್ ತಂಡದ ಮೊದಲ ರೆಕಾರ್ಡ್ ಹೊರಬಂದಾಗ ಈಗಿನ ಸ್ಯಾಂಪ್ಲರ್‌ಗಳ ಬಳಕೆ ಇನ್ನೂ ಬಂದಿರಲಿಲ್ಲ. ಆಗಲೇ ಜನಪ್ರಿಯವಾಗಿದ್ದ ಒಂದು ಹಾಡಿನ ಲಯವನ್ನು ಸ್ಟುಡಿಯೋದಲ್ಲಿ ಕುಳಿತ ವಾದ್ಯಗಾರರೇ ನಿಮಿಷಗಟ್ಟಲೆ ಬದಲಿಸದೆ ನುಡಿಸಿದ್ದರು. ಆ ಬೇಸ್ ವಾದಕನ ಕೈಯ ನೋವನ್ನು ನಾನೀಗ ಚೆನ್ನಾಗಿ ಊಹಿಸಬಲ್ಲೆ. ಮುಂದೆ ಫಿಲಡೆಲ್ಫಿಯಾದ ದಿ ರೂಟ್ಸ್ ತಂಡ ವಾದ್ಯಗಳನ್ನೇ ನೆಚ್ಚಿಕೊಂಡು ಬೆಳೆದು, 2001ರಲ್ಲಿ ರ‍್ಯಾಪರ್ ಜೇ-ಝೀಗೆ ವೇದಿಕೆಯಲ್ಲಿ ಹಿಮ್ಮೇಳವಾಗಿ ನಿಂತಿತು.

ಈ ವಾರದಿಂದ ಒಂದು ನಿಯಮ ಮಾಡಿಕೊಂಡಿದ್ದೇವೆ. ಎರಡು ಬಾರ್‌ಗಳ ಒಂದು ತುಣುಕನ್ನು ಆರಿಸಿಕೊಂಡು, ಹತ್ತು ನಿಮಿಷ ಯಾರೂ ಏನನ್ನೂ ಸೇರಿಸದೆ, ಬಿಡದೆ ನುಡಿಸಬೇಕು. ನಾಲ್ಕನೆಯ ನಿಮಿಷದಲ್ಲಿ ಬೇಸರ ಬರುತ್ತದೆ, ಏಳನೆಯ ನಿಮಿಷದ ಹೊತ್ತಿಗೆ ಬೇಸರ ಕರಗಿ ಕಿವಿ ತೆರೆಯುತ್ತದೆ, ಆಗ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಪೆಟ್ಟು ಬೀಳುವ ಜಾಗಕ್ಕೂ ನನ್ನ ಬೆರಳು ತಂತಿ ಬಿಡುವ ಜಾಗಕ್ಕೂ ಇರುವ ಕೂದಲೆಳೆಯ ಅಂತರ ಕೇಳಿಸತೊಡಗುತ್ತದೆ.

ನಾಲ್ಕನೆಯ ವಾರ

ಮೂರನೆಯ ವಾರ ಪರೀಕ್ಷೆಗೆ ಹೋಯಿತು.

ಈ ವಾರವೆಲ್ಲ ಸಾಹಿತ್ಯದ ಕೆಲಸ. ನಮ್ಮ ಹೆಚ್ಚಿನ ಹಾಡುಗಳು ನಿಮಿಷಕ್ಕೆ 90 ಬೀಟ್‌ಗಳ ವೇಗದಲ್ಲಿವೆ. ಒಂದು ಬಾರ್‌ಗೆ ನಾಲ್ಕು ಬೀಟ್, ಒಂದು ಬೀಟನ್ನು ನಾಲ್ಕಾಗಿ ಒಡೆದರೆ ಬಾರ್‌ಗೆ ಹದಿನಾರು ಮನೆಗಳು. ಇದನ್ನು ಬಿಳಿಹಲಗೆಯ ಮೇಲೆ ಚೌಕ ಹಾಕಿ ಬರೆಯುತ್ತಿದ್ದಾಗ, ಇದು ಮಂದಾನಿಲ ರಗಳೆಯಲ್ಲವೇ ಎಂದು ಕೀಬೋರ್ಡ್ ನುಡಿಸುವವಳು ಕೇಳಿದಳು. ನಾಲ್ಕು ಮಾತ್ರೆಯ ನಾಲ್ಕು ಗಣಗಳು, ಪಾದಕ್ಕೆ ಹದಿನಾರು ಮಾತ್ರೆ: ಲೆಕ್ಕ ಎಳ್ಳಷ್ಟೂ ತಪ್ಪದೆ ಕೂಡಿತು. ಆ ಸಂಜೆಯೇ ನಮ್ಮ ರ‍್ಯಾಪರ್ ಬರೆದ ಎರಡು ಸಾಲುಗಳು ಇವು: "ಗೋಡೆಯ ಮೇಲಿನ ಗಡಿಯಾರದ ದನಿ, ಓಡುವ ಕಾಲಿಗೆ ಕಟ್ಟಿದ ಗೆಜ್ಜೆ." ಮೊದಲ ಸಾಲಿನಲ್ಲಿ ಹದಿನಾರು ಮಾತ್ರೆಗಳು ಸರಿಯಾಗಿವೆ, ಎರಡನೆಯದರಲ್ಲಿ ಒಂದು ಕಡಿಮೆ, ಆದರೆ ಪಾದದ ಕೊನೆಯ ಲಘುವನ್ನು ಗುರುವೆಂದು ಎಣಿಸುವ ಹಳೆಯ ರಿಯಾಯಿತಿ ಇದೆಯಲ್ಲ, ಅದನ್ನು ಅವಳು ಉಸಿರೆಳೆದುಕೊಳ್ಳಲು ಬಳಸಿಕೊಂಡಿದ್ದಾಳೆ.

ಪ್ರಾಸದ ವಿಚಾರದಲ್ಲಿ ನಾವು ಬೇಗನೆ ಒಂದು ಬಲೆಗೆ ಬಿದ್ದೆವು. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುವುದರಿಂದ ಅಂತ್ಯಪ್ರಾಸ ಇಲ್ಲಿ ತೀರ ಅಗ್ಗ. "ಬಂದಿತ್ತು, ನಿಂತಿತ್ತು, ಹೋಗಿತ್ತು" ಎಂದು ಎಷ್ಟು ಬೇಕಾದರೂ ಪೋಣಿಸಬಹುದು, ಆದರೆ ಕೇಳುವವರಿಗೆ ಅದು ಪ್ರಾಸವೆನಿಸದೆ ವ್ಯಾಕರಣದ ಪಾಠವೆನಿಸುತ್ತದೆ. ಆದಿಪ್ರಾಸ ಹಾಗಲ್ಲ. ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಮರಳಿ ಬಂದಾಗ, "ಗೋಡೆ" ಮತ್ತು "ಓಡುವ" ಎಂಬಲ್ಲಿಯಂತೆ, ಅದು ಬಾರ್‌ನ ಮೊದಲ ಬೀಟಿಗೇ, ಅಂದರೆ ಕಿಕ್ ಬೀಳುವ ಜಾಗಕ್ಕೇ ಹೋಗಿ ಕೂರುತ್ತದೆ. ಕನ್ನಡದ ಮಾತಿನ ಒತ್ತೂ ಪದದ ಮೊದಲಿಗೇ ವಾಲುವುದರಿಂದ ಈ ಪ್ರಾಸಕ್ಕೆ ಡ್ರಮ್ಸ್‌ನ ಬೆಂಬಲ ತಾನಾಗಿ ಸಿಗುತ್ತದೆ. ಇನ್ನೊಂದು ಲಾಭ ಒತ್ತಕ್ಷರಗಳದು: "ಕಟ್ಟಿದ", "ಗೆಜ್ಜೆ" ಎನ್ನುವಾಗ ಗಾಳಿ ಕ್ಷಣಕಾಲ ನಿಂತು ಬಿಡುಗಡೆಯಾಗುವುದು ಸ್ನೇರ್ ಡ್ರಮ್ಮಿನ ಮೇಲಿನ ಸಣ್ಣ ಪೆಟ್ಟಿನಂತೆಯೇ ಕೇಳುತ್ತದೆ. ಡ್ರಮ್ಮರ್ ಇಂಥ ಅಕ್ಷರಗಳು ಬರುವಲ್ಲಿ ತನ್ನ ಸಣ್ಣ ಪೆಟ್ಟುಗಳನ್ನು ತೆಗೆದುಹಾಕಿದ್ದಾನೆ. ಆ ಕೆಲಸವನ್ನು ಬಾಯಿಯೇ ಮಾಡುತ್ತಿರುವಾಗ ಕೋಲು ಏಕೆ?

ಎಲ್ಲ ಸಾಲುಗಳನ್ನೂ ಹದಿನಾರು ಮಾತ್ರೆಗೆ ತುಂಬಿಸಿದರೆ ಉಸಿರು ಕಟ್ಟುತ್ತದೆ, ಕೇಳುವವರಿಗೂ ಯಂತ್ರದಂತಾಗುತ್ತದೆ. ಈಗ ಮೂರು ಸಾಲು ತುಂಬಿಸಿ, ನಾಲ್ಕನೆಯದನ್ನು ಹನ್ನೆರಡಕ್ಕೆ ನಿಲ್ಲಿಸುತ್ತಿದ್ದೇವೆ. ಇನ್ನೊಬ್ಬ ರ‍್ಯಾಪರ್ ಈ ಎಣಿಕೆಯನ್ನೆಲ್ಲ ಒಪ್ಪುವುದಿಲ್ಲ, ಕಿವಿಯಿಂದಲೇ ಬರೆಯುತ್ತಾನೆ; ಅವನ ಸಾಲುಗಳನ್ನು ಆಮೇಲೆ ಎಣಿಸಿದರೆ ಬಹುತೇಕ ಸರಿಯಾಗಿಯೇ ಇರುತ್ತವೆ ಎಂಬುದು ನನಗೆ ಕೊಂಚ ಹೊಟ್ಟೆಕಿಚ್ಚಿನ ಸಂಗತಿ.

ಆರನೆಯ ವಾರ

ವೇಗ ಜಾರುತ್ತಿದೆ. 90ರಲ್ಲಿ ತೊಡಗಿದ ಹಾಡು ಮುಗಿಯುವಾಗ 97 ಆಗಿರುವುದು ಧ್ವನಿಮುದ್ರಣದಲ್ಲಿ ಸ್ಪಷ್ಟವಾಗಿದೆ. ಹದಿನಾರು ಬಾರ್‌ಗಳ ಒಂದು ಪದ್ಯ 90ರ ವೇಗದಲ್ಲಿ ಸುಮಾರು 43 ಸೆಕೆಂಡ್ ತೆಗೆದುಕೊಂಡರೆ 97ರಲ್ಲಿ 40ಕ್ಕಿಂತ ಕಡಿಮೆ. ಹಾಡುಗಾರನಿಗೆ ಈ ಮೂರು ಸೆಕೆಂಡ್ ಲೆಕ್ಕಕ್ಕಿಲ್ಲದಿರಬಹುದು, ಆದರೆ ರ‍್ಯಾಪರ್ ಉಸಿರಿಗೆಂದು ಇಟ್ಟುಕೊಂಡಿದ್ದೇ ಅಷ್ಟು. ಡ್ರಮ್ಮರ್‌ನ ಕಿವಿಗೆ ಮಾತ್ರ ಕ್ಲಿಕ್ (ವೇಗವನ್ನು ಹಿಡಿದಿಡುವ ಟಿಕ್ ಟಿಕ್ ಶಬ್ದ) ಕೊಟ್ಟು, ಉಳಿದವರು ಅವನನ್ನು ಹಿಂಬಾಲಿಸುವ ವ್ಯವಸ್ಥೆ ಮಾಡಿದ್ದೇವೆ. ಕ್ಲಿಕ್ ಇದ್ದರೆ ಜೀವ ಹೋಗುತ್ತದೆ ಎಂಬ ವಾದ ನಮ್ಮಲ್ಲೂ ನಡೆಯಿತು. ಹಿಪ್‌ಹಾಪ್ ನಿರ್ಮಾಪಕ ಜೆ ಡಿಲ್ಲಾ ತನ್ನ ಎಂಪಿಸಿ ಎಂಬ ಸ್ಯಾಂಪ್ಲರ್ ಯಂತ್ರದ ಮೇಲೆ ಹಿಂದೆಮುಂದೆ ತೂಗಾಡುವ ತಾಳಗಳನ್ನು ಮಾಡಿದ್ದನ್ನು ಡ್ರಮ್ಮರ್ ಉದಾಹರಿಸಿದ. ನನ್ನ ಉತ್ತರ ಇಷ್ಟೇ: ಆತ ಬೀಟಿನೊಳಗೆ ತೂಗಾಡಿದ, ಹಾಡಿನ ವೇಗವನ್ನು ಏರಿಸುತ್ತ ಹೋಗಲಿಲ್ಲ. ಎರಡೂ ಬೇರೆ.

ಅಭ್ಯಾಸದ ಕೋಣೆ ಕಿರಿದಾಗಿದೆ, ನಾಲ್ಕು ಜನ ಕುಳಿತರೆ ಐದನೆಯವರು ಬಾಗಿಲಲ್ಲಿ. ಡೆಫ್ ಜಾಮ್ ಎಂಬ ದೊಡ್ಡ ಹೆಸರಿನ ರೆಕಾರ್ಡ್ ಸಂಸ್ಥೆಯನ್ನು ರಿಕ್ ರೂಬಿನ್ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತನ್ನ ಹಾಸ್ಟೆಲ್ ಕೋಣೆಯಿಂದ ನಡೆಸಿದ್ದು, ಹಾಗೆಯೇ ದಿ ಸೋರ್ಸ್ ಎಂಬ ಹಿಪ್‌ಹಾಪ್ ಪತ್ರಿಕೆಯನ್ನು 1988ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ್ದು ನೆನಪಾಗಿ, ಕೋಣೆಯ ಬಗ್ಗೆ ಗೊಣಗುವುದನ್ನು ಈ ವಾರದ ಮಟ್ಟಿಗೆ ನಿಲ್ಲಿಸಿದ್ದೇನೆ.

ಎಂಟನೆಯ ವಾರ

ಸಭಾಂಗಣದಲ್ಲಿ ಮೊದಲ ಪ್ರಯೋಗ ನಡೆಸಿದೆವು, ಮತ್ತು ನಾಲ್ಕನೆಯ ವಾರದ ಎಣಿಕೆಯೆಲ್ಲ ಕುಸಿದುಬಿತ್ತು. ಕೋಣೆಯಲ್ಲಿ ಚೂರಿಯಂತೆ ಕೇಳುತ್ತಿದ್ದ ಸಾಲುಗಳು ಇಲ್ಲಿ ತೊದಲತೊಡಗಿದವು. ರ‍್ಯಾಪರ್ ಹೆದರಿದ್ದಾಳೆಂದು ನಾವೆಲ್ಲ ಭಾವಿಸಿದ್ದೆವು, ಕಾರಣ ಗೋಡೆಯಲ್ಲಿತ್ತು. ವೇದಿಕೆಯಿಂದ ಹಿಂಬದಿಯ ಗೋಡೆಗೆ ನಾನು ಹೆಜ್ಜೆ ಹಾಕಿ ಅಳೆದಾಗ ಸುಮಾರು 28 ಮೀಟರ್ ಬಂತು. ಶಬ್ದ ಸೆಕೆಂಡಿಗೆ 343 ಮೀಟರ್‌ನಂತೆ ಹೋಗಿ ಮರಳಲು 163 ಮಿಲಿಸೆಕೆಂಡ್ ಬೇಕು. 90ರ ವೇಗದಲ್ಲಿ ಬಾರ್‌ನ ಹದಿನಾರನೆಯ ಒಂದು ಪಾಲು 167 ಮಿಲಿಸೆಕೆಂಡ್. ಹೀಗಾಗಿ ಅವಳು ಒಂದು ಮಾತ್ರೆ ಹೇಳಿ ಮುಂದಿನದಕ್ಕೆ ಬಾಯಿ ತೆರೆಯುವ ಕ್ಷಣದಲ್ಲೇ ಹಿಂದಿನದು ಗೋಡೆಗೆ ಬಡಿದು ಅವಳ ಕಿವಿಗೆ ಬಂದು ಬೀಳುತ್ತಿತ್ತು. ತನ್ನದೇ ದನಿ ಇಷ್ಟು ತಡವಾಗಿ ಕೇಳಿಸಿದರೆ ಸರಾಗವಾಗಿ ಮಾತನಾಡುವವರೂ ತೊದಲುತ್ತಾರೆ.

ಮೂರು ಬದಲಾವಣೆಗಳನ್ನು ಮಾಡಿದೆವು. ಹಿಂಗೋಡೆಗೆ ಕಾಲೇಜಿನ ನಾಟಕ ತಂಡದ ದಪ್ಪ ಪರದೆಗಳನ್ನು ಇಳಿಬಿಟ್ಟೆವು. ಸ್ಪೀಕರ್‌ಗಳನ್ನು ಗೋಡೆಗಲ್ಲದೆ ಕುರ್ಚಿಗಳತ್ತ ಬಾಗಿಸಿದೆವು. ರ‍್ಯಾಪರ್‌ಗಳ ಮಾನಿಟರನ್ನು (ಅವರಿಗೇ ಕೇಳಿಸಲೆಂದು ಇಡುವ ಸ್ಪೀಕರ್) ಹತ್ತಿರ ತಂದು ಅದರಲ್ಲಿ ಅವರ ದನಿ ಮತ್ತು ಕಿಕ್ ಮಾತ್ರ ಉಳಿಸಿದೆವು. ಕೊನೆಯದು ಹೊಸ ತೊಂದರೆ ತಂದಿತು, ಏಕೆಂದರೆ ನಮ್ಮ ಎರಡನೆಯ ರ‍್ಯಾಪರ್ ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ. ಕಾರ್ಡಿಯಾಯ್ಡ್, ಅಂದರೆ ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ, ಮೈಕ್ ಹಿಂದಿನಿಂದ ಬರುವ ಶಬ್ದವನ್ನು ತಳ್ಳಿಹಾಕುವುದು ಜಾಲರಿಯ ಹಿಂಭಾಗದ ಕಿಂಡಿಗಳ ಮೂಲಕ ಒಳಬರುವ ಶಬ್ದದ ನೆರವಿನಿಂದ; ಆ ಕಿಂಡಿಗಳನ್ನು ಕೈ ಮುಚ್ಚಿದರೆ ಅದು ಎಲ್ಲ ದಿಕ್ಕಿನಿಂದಲೂ ಶಬ್ದ ಹಿಡಿದು, ಮಾನಿಟರ್ ಸಿಳ್ಳೆ ಹಾಕುತ್ತದೆ. ಚಿತ್ರದಲ್ಲಿ ಆ ಹಿಡಿತ ಚೆನ್ನಾಗಿ ಕಾಣುತ್ತದೆ ಎಂದು ಅವನ ವಾದ. ಕೊನೆಗೆ ಮೈಕಿನ ಕೊರಳಿಗೆ ಕೆಂಪು ಪಟ್ಟಿ ಸುತ್ತಿ, ಬೆರಳು ಅದಕ್ಕಿಂತ ಮೇಲೆ ಹೋಗಬಾರದೆಂದು ಒಪ್ಪಂದವಾಯಿತು.

ಹತ್ತನೆಯ ವಾರ

ಕಾರ್ಯಕ್ರಮ ನಡೆಯಿತು. ಸಭಾಂಗಣ ತುಂಬಿದ್ದರಿಂದ ಜನರ ಮೈ ಮತ್ತು ಬಟ್ಟೆಗಳೇ ಪ್ರತಿಧ್ವನಿಯನ್ನು ನುಂಗಿದವು; ಖಾಲಿ ಸಭಾಂಗಣದಲ್ಲಿ ಎರಡು ವಾರ ಪಟ್ಟ ಪಾಡಿನ ಅರ್ಧವನ್ನು ಪ್ರೇಕ್ಷಕರು ಬಂದು ಕುಳಿತೇ ಪರಿಹರಿಸಿದರು. ಗಡಿಯಾರದ ಹಾಡಿನ ಹುಕ್ (ಮತ್ತೆ ಮತ್ತೆ ಬರುವ ಪಲ್ಲವಿ) ಮೂರನೆಯ ಸಲ ಬಂದಾಗ ಮುಂದಿನ ಸಾಲುಗಳವರು ಅದನ್ನು ತಾವೇ ಹೇಳಿದರು, ಆಗ ಡ್ರಮ್ಸ್ ಒಂದನ್ನು ಬಿಟ್ಟು ನಾವು ಮೂವರೂ ಯಾರ ಸನ್ನೆಯೂ ಇಲ್ಲದೆ ಕೈ ಎತ್ತಿಬಿಟ್ಟೆವು. ನಾಲ್ಕು ಬಾರ್ ಹಾಗೆಯೇ ಹೋಯಿತು. ಅದನ್ನು ಅಭ್ಯಾಸ ಮಾಡಿರಲಿಲ್ಲ.

ಮೂರನೆಯ ಹಾಡಿನಲ್ಲಿ ಮಾತ್ರ ಪದಗಳು ಹಿಂದಿನ ಸಾಲುಗಳಿಗೆ ತಲುಪಲಿಲ್ಲ ಎಂದು ಹಲವರು ಹೇಳಿದರು. ಧ್ವನಿಮುದ್ರಣ ಕೇಳಿ ನೋಡಿದೆ: ಕೀಬೋರ್ಡಿನ ಬಲಗೈ, ಮಾತಿನ ವ್ಯಂಜನಗಳು ಸ್ಪಷ್ಟವಾಗಬೇಕಾದ 2ರಿಂದ 4 ಕಿಲೋಹರ್ಟ್ಜ್‌ನ ಪಟ್ಟಿಯಲ್ಲೇ ಮಿನುಗುತ್ತಿದೆ, ಮತ್ತು ನಾನು ಎರಡನೆಯ ಪದ್ಯದಲ್ಲಿ, ಯಾರೂ ಕೇಳದಿದ್ದರೂ, ಎರಡು ಕಡೆ ಓಟ ಹಾಕಿದ್ದೇನೆ. ಗುರುವಾರದ ಅಭ್ಯಾಸಕ್ಕೆ ಆ ಹಾಡಿನ ಕೀಬೋರ್ಡನ್ನು ಒಂದು ಸಪ್ತಕ ಕೆಳಗಿಳಿಸಿ ನೋಡುತ್ತೇವೆ. ನನ್ನ ಎರಡು ಓಟಗಳನ್ನು ಹಾಳೆಯಲ್ಲಿ ಈಗಾಗಲೇ ಹೊಡೆದುಹಾಕಿದ್ದೇನೆ.