ಇನ್ನೂ ಆಡ್ತಿಯೇನವಾ?

ಶನಿವಾರ ಬಾಗಲಕೋಟೆಯ ನವನಗರದಲ್ಲಿ ನಮ್ಮ ಹೈಸ್ಕೂಲಿನ ಪಿ.ಇ. ಅಕ್ಕೋರ, ಅಂದ್ರೆ ಆಟ ಕಲಿಸಿದ ಟೀಚರ್, ನಿವೃತ್ತಿ ಸಮಾರಂಭ ಇತ್ತು. ನಾಲ್ಕು ದಿನ ಆಯ್ತು, ಅವರು ಕೇಳಿದ ಒಂದು ಮಾತು ಕಿವಿಯಿಂದ ಹೋಗ್ತಿಲ್ಲ.

ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಹಳೆಯ ವಾಲಿಬಾಲ್ ಹುಡುಗಿಯರನ್ನು ವೇದಿಕೆಗೆ ಕರೆದರು. ಹನ್ನೊಂದು ಜನ ಹೋದೆವು. ಕಾಲು ಮುಟ್ಟಿ ಎದ್ದೆ. ಗಂಡ ಏನು ಮಾಡ್ತಾನೆ, ಮಕ್ಕಳೆಷ್ಟು ಅಂತ ಅಕ್ಕೋರು ಕೇಳಲಿಲ್ಲ. "ಇನ್ನೂ ಆಡ್ತಿಯೇನವಾ?" ಅಂದರು.

"ಇಲ್ರಿ ಅಕ್ಕೋರ. ಹತ್ತನೇತ್ತ ಮುಗಿದ ಮ್ಯಾಲೆ ಬಾಲ್ ಮುಟ್ಟೇ ಇಲ್ಲ."

ಅವರು ನನ್ನ ಎರಡೂ ಕೈ ಹಿಡಿದು ಜೋಡಿಸಿ ಹೆಬ್ಬೆರಳು ಕೆಳಗೆ ಒತ್ತಿದರು. ಮೊಣಕೈ ತಾನಾಗಿಯೇ ನೆಟ್ಟಗಾಯಿತು. ಬಳೆಗಳು ಮಣಿಕಟ್ಟಿಗೆ ಜಾರಿದವು. "ಕೈ ಮರ್ತಿಲ್ಲ ನೋಡು" ಅಂದು ಪಕ್ಕದವಳ ಕಡೆ ತಿರುಗಿದರು. ಅವಳಿಗೂ ಅದೇ ಪ್ರಶ್ನೆ. ಹನ್ನೊಂದೂ ಜನ ಇಲ್ಲ ಅಂದೆವು.

ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯಲ್ಲಿ ಹಳೇ ಊರು ಬಿಟ್ಟು ಬಂದವರ ಮಕ್ಕಳು ನಾವು. ಮೈದಾನ ಅಂದ್ರೆ ಬರೀ ಗರಸು, ಬಿದ್ದರೆ ಮೊಣಕಾಲಿನ ಚರ್ಮ ಹೋಗ್ತಿತ್ತು. ಹುಡುಗರು ನೆಟ್ಟನ್ನು ಗಂಡಸರ ಎತ್ತರಕ್ಕೆ, 2.43 ಮೀಟರಿಗೆ, ಕಟ್ಟಿ ಹಾಗೇ ಬಿಟ್ಟು ಹೋಗ್ತಿದ್ರು. ಹೆಂಗಸರದ್ದು 2.24. "ಅದರಾಗ ಆಡ್ರಿ, ಏನಾಗ್ತದ" ಅಂತ ಒಬ್ಬ ಸರ್ ಅಂದಿದ್ದರು. ಅಕ್ಕೋರ ಹತ್ತಿರ ಕೆಂಪು ಗೆರೆ ಎಳೆದ ಒಂದು ಬಿದಿರು ಕೋಲು ಇತ್ತು. ದಿನಾ ಸಂಜೆ ಅದನ್ನು ಅಂಕಣದ ನಡುವೆ ನಿಲ್ಲಿಸಿ, ಗೆರೆಗೆ ಸರಿಯಾಗಿ ನೆಟ್ ಇಳಿಸಿದ ಮೇಲೇ ಬಾಲ್ ಕೊಡ್ತಿದ್ರು. 19 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ನನ್ನಂಥ ಗಿಡ್ಡಿಯ ಸ್ಮ್ಯಾಶ್ ಆಚೆ ಬೀಳೋದೂ ನೆಟ್ಟಿಗೆ ಬಡಿಯೋದೂ ಅಷ್ಟರಲ್ಲೇ ಇತ್ತು.

ಜಿಲ್ಲಾ ಮಟ್ಟಕ್ಕೆ ಕಳಿಸಲ್ಲ ಅಂತ ಅಪ್ಪ ಹಟ ಹಿಡಿದಾಗ ಅಕ್ಕೋರು ಮನೆಗೆ ಬಂದು ಕಟ್ಟೆ ಮೇಲೆ ಕೂತರು. "ನಾನ ಕರ್ಕೊಂಡು ಹೋಗಿ ನಾನ ತಂದು ಬಿಡ್ತೀನ್ರಿ" ಅಂದರು. ಅಪ್ಪ ಹೂಂ ಅನ್ನೋವರೆಗೂ ಏಳಲಿಲ್ಲ. ಅಲ್ಲಿ ಸೋತೆವು, ಅದು ಬೇರೆ ಮಾತು.

ಮೊನ್ನೆ ಅತಿಥಿಯೊಬ್ಬರು "ಹೆಣ್ಣಾಗಿದ್ದೂ ಇಷ್ಟು ಸಾಧಿಸಿದರು" ಅಂತ ಬಹಳ ಹೊತ್ತು ಮಾತಾಡಿದರು. ನನಗೆ ಸಿಟ್ಟು ಬಂತು. ಅಕ್ಕೋರಿಗೆ ಸಿಕ್ಕಿದ್ದು ಐದೇ ನಿಮಿಷ. ಅದರಲ್ಲೂ ಅವರು ತಮ್ಮ ವಿಷಯ ಎತ್ತಲಿಲ್ಲ, ನಮ್ಮ ಹೆಸರುಗಳನ್ನೇ ಹೇಳಿದರು.

ನನ್ನ ಗಂಡ ಈಗಲೂ ಸಂಜೆ ವಾಲಿಬಾಲಿಗೆ ಹೋಗ್ತಾರೆ. ಜಾತ್ರೆ ಬಂದರೆ ಟೂರ್ನಮೆಂಟು, ನಾವು ನಿಂತು ಚಪ್ಪಾಳೆ ಹೊಡೀತೀವಿ. ಇನ್ನೂ ಆಡ್ತೀರಾ ಅಂತ ಅವರನ್ನು ಯಾರೂ ಕೇಳಲ್ಲ. ನಮಗೂ ಬಿಡು ಅಂತ ಯಾರೂ ಹೇಳಿರಲಿಲ್ಲ, ಹೇಳುವ ಪ್ರಸಂಗವೇ ಬರಲಿಲ್ಲ. ನಾನು ಸೇರಿದ ಕಾಲೇಜಿನಲ್ಲಿ ಹುಡುಗಿಯರ ತಂಡ ಇರಲಿಲ್ಲ, ಆಮೇಲೆ ಮದುವೆ. ಆಟ ಬಿಟ್ಟಿದ್ದು ಯಾವ ದಿನ ಅಂತಲೂ ನೆನಪಿಲ್ಲ. ಆದರೆ ಅಕ್ಕೋರು ಆ ಪ್ರಶ್ನೆಯನ್ನು ಸುಮ್ನೆ ಮಾತಿಗೆ ಕೇಳಿದ್ದಲ್ಲ. ಒಬ್ಬಳಾದರೂ ಹೌದು ಅಂತಾಳೆ ಅಂತ ಕಾದು ಕೇಳಿದ್ದರು. ಹನ್ನೊಂದನೆಯವಳ ಮುಂದೆ ನಿಂತಾಗಲೂ ಅವರ ಮುಖದಲ್ಲಿ ಅದೇ ಇತ್ತು.

ಬರುವಾಗ ಸ್ಟೋರ್ ರೂಮಿಗೆ ಹೋಗಿ ನೋಡಿದೆ. ಮೂಲೆಯಲ್ಲಿ, ಹರಿದ ನೆಟ್ಟಿನ ಹಿಂದೆ, ಆ ಕೋಲು ನಿಂತಿತ್ತು. ಗೆರೆ ಅರ್ಧ ಸವೆದಿದೆ. ಅಕ್ಕೋರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬರುವ ತನಕ ಅದನ್ನು ಎಸೆಯಬ್ಯಾಡ್ರಿ ಅಂತ ಹೆಡ್ ಮಾಸ್ತರರಿಗೆ ಹೇಳಿ ಬಂದೆ.